ಎರೆಯುವ ಕೈಗೆ ಸೂಜಿ

ನಮ್ಮ ಬೀದಿಯಲ್ಲಿ ನಮ್ಮತ್ತೆ ಕೈಯಲ್ಲಿ ಎರೆಸಿಕೊಳ್ಳದ ಕೂಸು ಹುಡುಕಿದ್ರೂ ಸಿಗಲ್ಲ. ಯಾರ ಮನೆಯಲ್ಲಿ ಹೆರಿಗೆಯಾಗಲಿ, ಬೆಳಿಗ್ಗೆ ಹಂಡೆ ನೀರು ಕಾಯೋ ಹೊತ್ತಿಗೆ ಇವರು ಹಾಜರ್. ಬಚ್ಚಲಲ್ಲಿ ಮಣೆ ಹಾಕ್ಕೊಂಡು, ಸೀರೆ ಮೊಣಕಾಲ ತನಕ ಎತ್ತಿ ಕಟ್ಟಿ, ಎರಡೂ ಕಾಲು ಉದ್ದಕ್ಕೆ ಚಾಚಿ ಕೂತರೆ ಮುಗೀತು. ಆ ಕಾಲ ಮೇಲೆ ಮಲಗಿದ ಕೂಸು ಎಂಥಾ ಅಳುಬುರುಕ ಆಗಿದ್ರೂ ಎರಡು ಚೊಂಬು ನೀರು ಬೀಳೋಷ್ಟರಲ್ಲಿ ತೆಪ್ಪಗಾಗುತ್ತೆ. ಇದಕ್ಕೆಲ್ಲಾ ಕಾಸು ಮುಟ್ಟಲ್ಲ. ಎಲೆ ಅಡಿಕೆ ಕೊಟ್ರೆ ತಗೋತಾರೆ, ಕೊಡದಿದ್ರೆ ಕೇಳಿ ಇಸ್ಕೋತಾರೆ. ಇವತ್ತು ಮೀಸೆ ತಿರುವಿಕೊಂಡು ಡೈರಿ ಮುಂದೆ ನಿಲ್ಲೋ ಗಂಡಸರಿಗೂ, "ನನ್ನ ಕಾಲ ಮೇಲೆ ಉಚ್ಚೆ ಹುಯ್ದೋನು ನೀನು, ನನಗೆ ಬುದ್ಧಿ ಹೇಳೋಕೆ ಬರ್ತೀಯಾ?" ಅಂತ ಬಾಯಿ ಮುಚ್ಚಿಸಿಬಿಡ್ತಾರೆ.

ನನ್ನ ಒಬ್ಬಳೇ ಮಗಳು ತವರಲ್ಲಿ ಹುಟ್ಟಿ ಮೂರು ತಿಂಗಳಿಗೆ ಈ ಮನೆಗೆ ಬಂದಾಗ, ಅವತ್ತೇ ಅತ್ತೆ ನನ್ನ ಕೈಯಿಂದ ಕಿತ್ಕೊಂಡ ಹಾಗೆ ಎತ್ಕೊಂಡು ಬಚ್ಚಲಿಗೆ ಹೋದ್ರು. "ನಾನೇ ಎರೀತೀನಿ ಅತ್ತೆ" ಅಂದೆ. "ನಿನ್ನ ಕೈ ಇನ್ನೂ ಪಾತ್ರೆ ತೊಳೆಯೋ ಕೈ. ನೀರು ಹುಯ್ಯಿ ಸಾಕು" ಅಂದ್ರು. ನನ್ನ ಬಾಯಿ ಆಗಲೂ ಜೋರೇ. ಅವರ ಬಾಯಿ ನನಗಿಂತ ಜೋರು. ಹಂಗಾಗಿ ನನ್ನ ಮಗಳಿಗೆ ನಾನು ನೀರು ಹುಯ್ದೋಳೇ ಹೊರತು ಎರೆದೋಳಲ್ಲ.

ಇಷ್ಟು ಯಾಕೆ ಹೇಳಿದೆ ಅಂದ್ರೆ, ಕೊರೋನ ಸೂಜಿ ಬಂದ ವರ್ಷ ನನ್ನ ಮಗಳು ಮೊದಲ ಬಸುರಿ. ಅವಳನ್ನ ಅರಿಶಿನಕುಂಟೆಗೆ ಕೊಟ್ಟಿದ್ದೀವಿ. ಅಳಿಯ ಹೈವೇ ಪಕ್ಕದ ಗೋಡೌನ್‌ನಲ್ಲಿ ಸೂಪರ್‌ವೈಸರ್. ಮಗಳು ಮದುವೆಗೆ ಮುಂಚೆಯಿಂದ ಗಾರ್ಮೆಂಟ್ಸ್‌ನಲ್ಲಿ ಹೊಲಿದ ಬಟ್ಟೆ ಚೆಕ್ ಮಾಡೋ ಕೆಲಸ ಮಾಡಿದೋಳು. ಒಂದು ನೂಲು ಆಚೆ ಬಂದಿದ್ರೂ ಬಟ್ಟೆನ ವಾಪಸ್ ಕಳಿಸೋಳು. ಮನುಷ್ಯರ ವಿಷಯದಲ್ಲೂ ಅವಳದು ಅದೇ ಸ್ವಭಾವ. ಮೊದಲ ಬಾಣಂತನ ತವರಲ್ಲೇ ಆಗಬೇಕು. ಅತ್ತೆ ಅಂತೂ ಮಗಳು ಬಸುರಿ ಅಂತ ಫೋನ್ ಬಂದ ದಿನದಿಂದ ಹರಳೆಣ್ಣೆ ಕಾಯಿಸೋ ಮಾತೇ. ಮೊಮ್ಮಗಳ ಕೂಸನ್ನ ಎರೆದು ಆಮೇಲೆ ಕಣ್ಣು ಮುಚ್ಚಿದ್ರೂ ಪರವಾಗಿಲ್ಲ ಅಂತ ಕಂಡಕಂಡೋರ ಹತ್ರ ಹೇಳ್ಕೊಂಡು ತಿರುಗಿದ್ರು.

ತೂಬಗೆರೆ ಕಡೆಯ ನಮ್ಮೂರಲ್ಲಿ ಯಾವ ವಿಷಯ ಆದ್ರೂ ಇತ್ಯರ್ಥ ಆಗೋದು ಹಾಲಿನ ಡೈರಿ ಮುಂದೆ. ಟಿವಿಯಲ್ಲಿ ಲಸಿಕೆ ಬಂತು ಅಂದ ದಿನ ನಾನು ಕೈಲಿದ್ದ ಜರಡಿ ಹಂಗೇ ಕೆಳಗಿಟ್ಟು ಕೂತ್ಬಿಟ್ಟೆ. ಅಬ್ಬಾ, ಇನ್ನು ಮುಖಕ್ಕೆ ಬಟ್ಟೆ ಕಟ್ಕೊಂಡು ಹಾಲು ಕರೆಯೋದು ತಪ್ಪುತ್ತಲ್ಲ ಅಂತ ಕಣ್ಣಲ್ಲಿ ನೀರೇ ಬಂತು. ಮಾರನೇ ದಿನ ಡೈರಿಗೆ ಹೋದ್ರೆ ಅಲ್ಲಿ ಬೇರೆಯೇ ರಾಗ. ನಮ್ಮ ಪಕ್ಕದ ಮನೆಯವರು, ನನಗೆ ಭಾವನ ವರಸೆ, ಕ್ಯಾನು ಕೆಳಗಿಟ್ಟು ಶುರು ಮಾಡಿದ್ರು. "ಅಲ್ಲಾ, ನಮ್ಮೂರ ರಸ್ತೆಗೆ ಟಾರು ಹಾಕೋಕೆ ಎಷ್ಟು ಎಲೆಕ್ಷನ್ ಆಗಬೇಕಾಯ್ತು? ಇವರು ಒಂದು ವರ್ಷದಲ್ಲಿ ಔಷಧಿ ಮಾಡಿ, ಸೀಸೆಗೆ ತುಂಬಿ, ಊರೂರಿಗೆ ಕಳಿಸಿಬಿಟ್ರಂತೆ. ನಂಬೋ ಮಾತಾ ಇದು?" ಎಲ್ಲಾ ನಕ್ಕರು. ನಾನೂ ನಕ್ಕೆ. ನಗ್ತಾ ನಗ್ತಾನೇ ಮನಸ್ಸಿಗೆ ಒಂಚೂರು ಅಳುಕು ಹೊಕ್ಕೊಂಡಿತು, ಸುಳ್ಳು ಹೇಳಲ್ಲ.

ಆಮೇಲೆ ಮೊಬೈಲಿನಲ್ಲಿ ಬರೋದೆಲ್ಲಾ ಬಂತು. ಹಾಕಿಸ್ಕೊಂಡೋರು ಎರಡು ವರ್ಷ ಬದುಕಲ್ವಂತೆ, ತೋಳಿಗೆ ಚಮಚ ಅಂಟಿಕೊಳ್ಳುತ್ತಂತೆ. ಭಾವ ಒಂದಿನ ಯಾರದೋ ತೋಳಿಗೆ ಚಮಚ ಒತ್ತಿ ನೋಡಿ ಬೈಸ್ಕೊಂಡ್ರು. ಇಂಥಾದ್ದಕ್ಕೆಲ್ಲಾ ನಮ್ಮತ್ತೆ ಕಿವಿ ಕೊಟ್ಟ ಹಾಗೆ ಕಾಣಲಿಲ್ಲ. ಅವರ ವಾದವೇ ಬೇರೆ.

ನಮ್ಮದು ರೇಷ್ಮೆ ಹುಳ ಮೇಯಿಸೋ ಮನೆ. ಹಿತ್ತಲ ಕಡೆ ಹುಳದ ಮನೆ, ಅದರಾಚೆ ಹಿಪ್ಪುನೇರಳೆ ತೋಟ. ಗಂಡಸರು ಸೊಪ್ಪು ಹೊತ್ತು ತಂದು ಹಾಕಿದ್ರೆ ಸರಿ, ಹುಳದ ಮನೆ ಯಜಮಾನಿಕೆ ಅತ್ತೆಯದೇ. ಹೊಸ ತಳಿ ಬಂದಾಗಲೆಲ್ಲಾ ಅವರದು ಒಂದೇ ಪದ್ಧತಿ. ಮೊದಲನೇ ಬೆಳೆ ನಾವು ಹಾಕೋ ಹಾಗಿಲ್ಲ. ಊರಲ್ಲಿ ಬೇರೆ ಯಾರಾದ್ರೂ ಮೇಯಿಸಲಿ, ಅವರ ಗೂಡು ನೋಡಿ, ಕೈಯಲ್ಲಿ ಒತ್ತಿ ನೋಡಿ, ಎರಡನೇ ಬೆಳೆಗೆ ನಾವು. ಸೂಜಿಗೂ ಅದೇ ನ್ಯಾಯ ಹೇಳಿದ್ರು. "ಊರು ಹಾಕಿಸ್ಕೊಳ್ಳಲಿ. ಒಂದು ಬೆಳೆ ನೋಡೋಣ."

"ಒಂದು ಬೆಳೆ ಅಂದ್ರೆ ಎಷ್ಟು ದಿನ ಅತ್ತೆ?" ಅಂದೆ.

"ಮನುಷ್ಯರ ಬೆಳೆ ನಿಧಾನ ಕಣಮ್ಮಿ. ಎರಡು ಮೂರು ವರ್ಷ ಬೇಕು."

"ಅಷ್ಟರಲ್ಲಿ ರೋಗ ಬಂದ್ರೆ?"

"ಬಂದ್ರೆ ನೋಡ್ಕೊಳ್ಳೋಣ" ಅಂತ ಎದ್ದು ಸೊಪ್ಪು ಕತ್ತರಿಸೋಕೆ ಹೋದ್ರು. ನನಗೆ ರೇಗಿಹೋಯ್ತು. ನಮ್ಮನೆಯವರನ್ನ ಕೇಳಿದ್ರೆ ಅತ್ತೆ ಹೇಳಿದ್ದಕ್ಕೂ ಹೂಂ, ನಾನು ಹೇಳಿದ್ದಕ್ಕೂ ಹೂಂ. ಅಂಥಾ ಗಂಡಸನ್ನ ಇಟ್ಕೊಂಡು ಏನು ಮಾಡೋದು? ನಾನೂ ಅವರೂ ಹೋಗಿ ಹಾಕಿಸ್ಕೊಂಡು ಬಂದ್ವಿ. ನಾನು ಹಾಕಿಸ್ಕೊಂಡಿದ್ದು ಅರ್ಧ ನಂಬಿಕೆಯಿಂದ, ಇನ್ನರ್ಧ ಅತ್ತೆ ಮೇಲಿನ ಹಟಕ್ಕೆ. ಅತ್ತೆ ನನ್ನನ್ನ ದಿನಾ ಬೆಳಿಗ್ಗೆ ಮೇಲಿಂದ ಕೆಳಗೆ ಒಂದ್ಸಲ ನೋಡೋರು, ಹೊಸ ತಳಿ ಹುಳ ನೋಡಿದ ಹಾಗೆ.

ಎರಡನೇ ಅಲೆ ಶುರುವಾಗೋ ಹೊತ್ತಿಗೆ ಮಗಳು ಏಳು ತಿಂಗಳು ತುಂಬಿಸ್ಕೊಂಡು ಮನೆಗೆ ಬಂದಳು. ಆರತಿ ಎತ್ತಿ ಒಳಗೆ ಕರ್ಕೊಂಡ ಮೇಲೆ, ಕಾಫಿ ಲೋಟ ಕೈಗೆ ತಗೊಳ್ಳೋಕೆ ಮುಂಚೆನೇ ಅವಳು ಕೇಳಿದ್ದು, "ಅಜ್ಜಿ ಹಾಕಿಸ್ಕೊಂಡಿದ್ಯಾ?"

ಅತ್ತೆ ಮಾತು ಮರೆಸೋಕೆ ನೋಡಿದ್ರು. ಅವಳು ಬಿಡಲಿಲ್ಲ. "ಬಸುರಿಯರಿಗೆ ಇನ್ನೂ ಕೊಡ್ತಿಲ್ಲ ಅಜ್ಜಿ. ನನ್ನ ಸುತ್ತ ಇರೋರು ಹಾಕಿಸ್ಕೊಂಡ್ರೆ ನನಗೂ ಸ್ವಲ್ಪ ಧೈರ್ಯ. ನೀನು ಹಾಕಿಸ್ಕೊಳ್ದೆ ನನ್ನ ಕೂಸು ಮುಟ್ಟೋ ಹಾಗಿಲ್ಲ. ಎರೆಯೋ ಮಾತಂತೂ ಇಲ್ಲವೇ ಇಲ್ಲ."

ಅತ್ತೆ ಮುಖ ಕೆಂಪಾಯ್ತು. "ನಿನ್ನ ಎರೆದಿದ್ದು ಯಾರು? ಊರನ್ನೆಲ್ಲಾ ಎರೆದಿದ್ದು ಯಾರು? ನನ್ನ ಮರಿಮಗಳನ್ನ ಮುಟ್ಟಬೇಡ ಅನ್ನೋಕೆ ನೀನು ಯಾವ ಊರ ದೊಣ್ಣೆನಾಯಕಿ?" ಅಂತ ಕೂಗಾಡಿದ್ರು. ಹುಟ್ಟೋದು ಹೆಣ್ಣೇ ಅಂತ ಅವರಾಗಲೇ ತೀರ್ಮಾನ ಮಾಡಿಬಿಟ್ಟಿದ್ರು. ಮಗಳು ಕಾಫಿ ಕುಡಿದು ಒಳಗಿನ ಕೋಣೆಗೆ ಹೋಗಿ ಮಲಗಿದಳು. ಹಟದಲ್ಲಿ ಇಬ್ಬರೂ ಒಂದೇ ಎರಕ, ಮಧ್ಯೆ ನಾನು ಸೊರಗಿ ಹೋದೆ.

ಆ ದಿನಗಳಲ್ಲಿ ಸಾವು ಊರೊಳಗೂ ಬಂದಿತ್ತು. ಮೇಲಿನ ಬೀದಿಯಲ್ಲಿ ಒಂದೇ ಮನೆಯಲ್ಲಿ ಇಬ್ಬರು ಹೋದ್ರು. ನಾವು ಹೋಗಿ ಮಣ್ಣು ಹಾಕೋಕೂ ಆಗಲಿಲ್ಲ. ಅದನ್ನ ನೋಡಿ ಅತ್ತೆ ಮನಸ್ಸು ಬದಲಾಗುತ್ತೆ ಅಂದ್ಕೊಂಡಿದ್ದೆ. ಎಲ್ಲಿ ಬಂತು? ಆಶಾ ಕಾರ್ಯಕರ್ತೆ ಬೀದಿ ತುದಿಯಲ್ಲಿ ಕಾಣಿಸಿದ್ರೆ ಸಾಕು, ಇವರು ಹುಳದ ಮನೆ ಸೇರ್ಕೊಂಡು ಒಳಗಿಂದ ಚಿಲಕ ಹಾಕ್ಕೊಳ್ಳೋರು. ಹುಳದ ಮನೆಗೆ ಹೊರಗಿನೋರು ಕಾಲಿಡೋ ಹಾಗಿಲ್ಲ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತು. ಹೊರಗಿಂದ ಬಂದ ಕಾಲು ಯಾವ ರೋಗ ತರುತ್ತೋ, ಹುಳಕ್ಕೆ ಒಂದ್ಸಲ ಬಂದ್ರೆ ಬಿದಿರು ತಟ್ಟೆಗೆ ತಟ್ಟೆನೇ ಸತ್ತು ಮಲಗಿಬಿಡುತ್ತೆ. ಮನೆಯೋರೂ ಅಷ್ಟೇ, ಬಾಗಿಲ ಹತ್ರ ಬ್ಲೀಚಿಂಗ್ ಪೌಡರ್ ನೀರಲ್ಲಿ ನೆನೆಸಿ ಹಾಸಿದ ಗೋಣಿಚೀಲ ತುಳಿದೇ ಒಳಗೆ ಹೋಗಬೇಕು. ಆ ಆಶಾ ಹೆಣ್ಣುಮಗಳೂ ಹುಳ ಮೇಯಿಸೋ ಮನೆಯೋಳೇ. ಪಾಪ, ಹೊರಗೇ ನಿಂತು ಕೂಗೋಳು.

"ಅಜ್ಜಿ, ಒಂದ್ನಿಮಿಷ ಹೊರಗೆ ಬನ್ನಿ."

"ಹುಳ ಜ್ವರಕ್ಕೆ ಕೂತಿವೆ ಕಣಮ್ಮಾ, ಗಲಾಟೆ ಮಾಡಬೇಡ, ಹೋಗು."

ಹುಳ ಪೊರೆ ಬಿಡೋಕೆ ಮುಂಚೆ ಸೊಪ್ಪು ಬಿಟ್ಟು ಅಲ್ಲಾಡದೆ ಕೂರ್ತವೆ, ಅದಕ್ಕೆ ನಾವು ಜ್ವರ ಅಂತೀವಿ. ಆದ್ರೆ ಅವತ್ತು ಹುಳ ಚರಚರ ಸೊಪ್ಪು ಮೇಯೋ ಸದ್ದು ಬಾಗಿಲಾಚೆ ನಿಂತ ನಮ್ಮಿಬ್ಬರಿಗೂ ಚೆನ್ನಾಗಿ ಕೇಳಿಸ್ತಿತ್ತು. ಆಶಾ ನನ್ನ ಮುಖ ನೋಡಿ ಸೆರಗು ಬಾಯಿಗಿಟ್ಕೊಂಡು ನಕ್ಕಳು. ನಾನೂ ನಕ್ಕೆ. ಒಳಗಿಂದ, "ಏನು ಕಿಸಿಯೋದು ಅಲ್ಲಿ?" ಅಂತ ಗದರಿಕೆ ಬಂತು.

ಇದನ್ನೆಲ್ಲಾ ಮಗಳು ಕಿಟಕಿಯಿಂದ ನೋಡ್ತಾ ಇದ್ದಳು. ಮಾರನೇ ದಿನ ಬೆಳಿಗ್ಗೆ ನಾನು ಹಾಲು ಹಾಕಿ ಬರೋಷ್ಟರಲ್ಲಿ ತನ್ನ ಕೋಣೆ ಹೊಸಿಲಿಗೆ ಒಂದು ಗೋಣಿಚೀಲ ಹಾಸಿದ್ದಳು. ಒದ್ದೆ ಚೀಲ. ಬ್ಲೀಚಿಂಗ್ ಪೌಡರ್ ವಾಸನೆ ಅಡಿಗೆಮನೆ ತನಕ. ಅತ್ತೆ ದಿನದ ಹಾಗೆ ಎಣ್ಣೆ ಬಟ್ಟಲು ಹಿಡ್ಕೊಂಡು ಅವಳ ಸೊಂಟ ನೀವೋಕೆ ಬಂದ್ರು.

"ಅಲ್ಲೇ ನಿಲ್ಲು ಅಜ್ಜಿ" ಅಂದಳು ಮಗಳು.

"ಯಾಕಮ್ಮಿ?"

ಅವಳು ಹೊಟ್ಟೆ ಮೇಲೆ ಕೈ ಇಟ್ಕೊಂಡು, "ಒಳಗೆ ಹುಳ ಇದೆ. ಇನ್ನೂ ಹಣ್ಣಾಗಿಲ್ಲ, ಗೂಡು ಕಟ್ಟೋಕೆ ದಿನ ಇದೆ. ಹೊರಗಿನೋರು ಬರೋ ಹಾಗಿಲ್ಲ" ಅಂದಳು.

"ನಾನು ಹೊರಗಿನೋಳಾ?"

"ಮದುವೆಯಾದ ಹೊಸದರಲ್ಲಿ ನನ್ನ ಗಂಡ ಹುಳ ನೋಡ್ತೀನಿ ಅಂತ ಆಸೆಪಟ್ಟು ಬಂದಾಗ ನೀನು ಬಾಗಿಲಲ್ಲೇ ತಡೆದೆ. ಹೊಸ ಅಳಿಯ ಅಂತ ನೋಡಲಿಲ್ಲ, ಪಂಚೆ ಶಲ್ಯ ಅಂತ ನೋಡಲಿಲ್ಲ. ಪ್ರೀತಿ ಬೇರೆ, ಹುಳದ ಮನೆ ಬೇರೆ ಅಂದೆ. ನಾನೂ ಅದನ್ನೇ ಹೇಳ್ತಿರೋದು ಅಜ್ಜಿ."

ಹಂಗಂದೋಳು ಕಣ್ಣೊರೆಸ್ಕೊಂಡಳು. ಅವಳಿಗೇನು ಅಜ್ಜಿ ಬೇಡವಾಗಿದ್ಲಾ? ನಾನು ನಡುವೆ ಬಾಯಿ ಹಾಕೋಕೆ ಹೋದೆ, ಅತ್ತೆ ಕೈಯೆತ್ತಿ ತಡೆದ್ರು. ಆ ಗೋಣಿಚೀಲವನ್ನೇ ನೋಡ್ತಾ ನಿಂತ್ರು. ಆಮೇಲೆ ಬಗ್ಗಿ ಎಣ್ಣೆ ಬಟ್ಟಲನ್ನ ಹೊಸಿಲ ಈಚೆಗೆ ಇಟ್ಟು ಹೊರಟುಹೋದ್ರು. ಆ ದಿನವೆಲ್ಲಾ ಯಾರನ್ನೂ ಬೈಯಲಿಲ್ಲ. ಅವರು ಬೈಯದ ಮನೆಯಲ್ಲಿ ಇರೋದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯ್ತು.

ಮಾರನೇ ಬೆಳಿಗ್ಗೆ ನಾನು ಒಲೆ ಮುಂದೆ ಇದ್ದಾಗ ಬಚ್ಚಲಿಂದ ಕೂಗು ಬಂತು. ಹೋಗಿ ನೋಡಿದ್ರೆ ಅತ್ತೆ ಹಿತ್ತಲ ಬಳ್ಳಿಯಿಂದ ಒಂದು ಸೋರೆಕಾಯಿ ಕಿತ್ತು, ಹಳೇ ಪಂಚೆ ತುಂಡಲ್ಲಿ ಸುತ್ತಿ ಹಿಡ್ಕೊಂಡಿದ್ದಾರೆ.

"ಕೂತ್ಕೋ" ಅಂದ್ರು.

"ಎಲ್ಲಿ?"

"ಮಣೆ ಮೇಲೆ. ಕಾಲು ಚಾಚು."

"ನಿಮಗೇನಾಗಿದೆ ಅತ್ತೆ? ಒಲೆ ಮೇಲೆ ಹಿಟ್ಟಿಗೆ ಎಸರಿಟ್ಟು ಬಂದಿದ್ದೀನಿ."

"ಉಕ್ಕಿದ್ರೆ ಉಕ್ಕಲಿ. ಕೂತ್ಕೋ ಅಂದ್ರೆ ಕೂತ್ಕೋ."

ಕೂತೆ. ಸೋರೆಕಾಯಿ ತಂದು ನನ್ನ ಕಾಲ ಮೇಲೆ ಮಲಗಿಸಿದ್ರು. ತಲೆ ಪಾದದ ಕಡೆಗೆ ಬರಬೇಕು, ಕತ್ತು ಎರಡು ಕಾಲ ಸಂದಿಗೆ ಸರಿಯಾಗಿ ಕೂರಬೇಕು. ನೆತ್ತಿಗೆ ಎಣ್ಣೆ ಇಡುವಾಗ ಒತ್ತಬಾರದು. ನೀರು ಹುಯ್ಯುವಾಗ ಹಣೆಗೆ ಅಂಗೈ ಅಡ್ಡ ಹಿಡೀಬೇಕು, ಕಣ್ಣಿಗೆ ಕಿವಿಗೆ ಹೋಗಬಾರದು. ಬೋರಲು ಮಲಗಿಸೋದು ಹೀಗೆ, ತಿರುಗಿಸೋದು ಹೀಗೆ. ನನ್ನ ಕೈ ತಪ್ಪಿದಾಗಲೆಲ್ಲಾ ಮಣಿಕಟ್ಟಿಗೆ ಒಂದೇಟು. ಸೋರೆಕಾಯಿಗೆ ಮೂಗು ಎಲ್ಲಿದೆ ನೀವೋಕೆ ಅಂತ ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ. ಇಷ್ಟು ವರ್ಷ ಬೇಡಿದ್ರೂ ಕಲಿಸದೇ ಇದ್ದೋರು ಈಗ ಯಾಕೆ ಗಂಟುಬಿದ್ದು ಕಲಿಸ್ತಿದ್ದಾರೆ ಅಂತ ನನ್ನ ಮಂಡೆಗೆ ಹೊಳೆಯಲೇ ಇಲ್ಲ. ಎಸರಿನ ಕಡೆ ಗಮನ ನನಗೆ.

ಊಟ ಆದ ಮೇಲೆ ಅತ್ತೆ ಗೌರಿಹಬ್ಬಕ್ಕೆ ಉಡೋ ಸೀರೆ ಉಟ್ಕೊಂಡು ಬಂದ್ರು. "ಸ್ಕೂಲಲ್ಲಿ ಸೂಜಿ ಹಾಕ್ತಾರಂತಲ್ಲ, ನಡಿ" ಅಂದ್ರು. ನನಗೆ ಆನಂದವೋ ಆನಂದ. ಮಗಳಿಗೆ ಕೂಗಿ ಹೇಳಿ ಚಪ್ಪಲಿ ಮೆಟ್ಕೊಂಡೆ. ಹೊರಡೋಕೆ ಮುಂಚೆ ಅತ್ತೆ ಹುಳದ ಮನೆಗೆ ಹೋಗಿ ಒಂದೊಂದು ತಟ್ಟೆನೂ ಮುಟ್ಟಿ ನೋಡಿದ್ರು. ನಮ್ಮನೆಯವರ ತಲೆ ಸವರಿದ್ರು. ಅವರು ಅದಕ್ಕೂ ಹೂಂ ಅಂದ್ರು.

ಸ್ಕೂಲಿನ ವರಾಂಡದಲ್ಲಿ ಬೆಂಚು ಹಾಕಿದ್ರು. ನಮ್ಮ ಸರದಿ ಬರೋದು ಇನ್ನೂ ಸ್ವಲ್ಪ ಹೊತ್ತಿತ್ತು. ಅತ್ತೆ ನನ್ನ ಕಡೆ ವಾಲಿ ಮೆಲ್ಲಗೆ ಹೇಳಿದ್ರು. "ಹೊಕ್ಕಳ ಬಳ್ಳಿ ಬಿದ್ದ ಮೇಲೆ ಎರೆಯೋಕೆ ಶುರು ಮಾಡು. ಮೊದಲನೇ ದಿನ ಭಯ ಆಗುತ್ತೆ. ಕೂಸಿಗೆ ನಿನ್ನ ಭಯ ಗೊತ್ತಾಗಬಾರದು. ಮಾತಾಡಿಸ್ತಾ ಎರಿ."

ಆಗ ನನಗೆ ಗೊತ್ತಾಯ್ತು. ಹಬ್ಬದ ಸೀರೆ ಯಾಕೆ, ಸೋರೆಕಾಯಿ ಯಾಕೆ ಅಂತ ಎಲ್ಲಾ ಒಟ್ಟಿಗೆ ಗೊತ್ತಾಯ್ತು. ಈ ಯಮ್ಮ ಸೂಜಿ ಹಾಕಿಸ್ಕೊಂಡ್ರೆ ಸಾಯ್ತೀನಿ ಅಂತ ನಿಜವಾಗಲೂ ನಂಬಿದ್ದಾರೆ. ಎರಡು ಮೂರು ವರ್ಷ ನೋಡೋಣ ಅಂದಿದ್ದು, ಅಷ್ಟರೊಳಗೆ ಕೂಸನ್ನ ಎರೆದು ಮುಗಿಸಿರ್ತೀನಿ, ಆಮೇಲೆ ಏನಾದ್ರೂ ಆಗಲಿ ಅಂತ. ಈಗ ಸಾಯೋಕೆ ರೆಡಿಯಾಗಿ ಬಂದು ಬೆಂಚಿನ ಮೇಲೆ ಕೂತಿದ್ದಾರೆ.

ನನಗೆ ಅಳು ಬಂತು. ಅಳುವಿಗಿಂತ ಜಾಸ್ತಿ ಹೆದರಿಕೆ. ಡೈರಿ ಮುಂದೆ ಕೇಳಿದ ಮಾತೆಲ್ಲಾ ಆ ಬೆಂಚಿನ ಮೇಲೆ ವಾಪಸ್ ಬಂದ್ವು. ಒಂದೇ ವರ್ಷದಲ್ಲಿ ಮಾಡಿದ ಔಷಧಿ. ನಾನೇನು ಡಾಕ್ಟರಾ? ನನಗೇನು ಗೊತ್ತು? ನನ್ನ ಹಟಕ್ಕೆ, ನನ್ನ ಮಗಳ ಹಟಕ್ಕೆ ಇವರಿಗೆ ಏನಾದ್ರೂ ಆದ್ರೆ? "ಬೇಡ ಅತ್ತೆ, ಏಳಿ, ಮನೆಗೆ ಹೋಗೋಣ. ಅವಳಿಗೆ ನಾನು ಹೇಳ್ಕೋತೀನಿ" ಅಂತ ಅವರ ಕೈ ಹಿಡಿದು ಎಳೆದೆ. ಅಷ್ಟು ದಿನ ಸೂಜಿ ಸೂಜಿ ಅಂತ ಬಾಯಿ ಬಡ್ಕೊಂಡೋಳು ನಾನೇ.

ಅತ್ತೆ ಏಳಲಿಲ್ಲ. "ಬಿಡಮ್ಮಿ. ಹುಡುಗಿ ಹೇಳಿದ್ದರಲ್ಲಿ ತಪ್ಪೇನಿದೆ? ಹುಳಕ್ಕೆ ಮಾಡೋದನ್ನ ಕೂಸಿಗೆ ಮಾಡಬಾರದಾ?" ಅಂದ್ರು. ಸರದಿ ಬಂತು. ನರ್ಸಮ್ಮ ರವಿಕೆ ತೋಳು ಮೇಲೆ ಸರಿಸೋಕೆ ಹೇಳಿದ್ರು. ಅತ್ತೆ ಕಣ್ಣು ಗಟ್ಟಿಯಾಗಿ ಮುಚ್ಚಿ ನನ್ನ ಬೆರಳು ಹಿಡ್ಕೊಂಡ್ರು. ಮುಗಿದ ಮೇಲೂ ಮುಚ್ಚೇ ಇದ್ರು. "ಆಯ್ತು ಅಜ್ಜಿ, ಎದ್ದೇಳಿ" ಅಂದಾಗ ಒಂದು ಕಣ್ಣು ಬಿಟ್ಟು, "ಇಷ್ಟೇನಾ?" ಅಂದ್ರು.

ಅರ್ಧ ಗಂಟೆ ಕೂರಿಸಿದ್ರು. ನಾನು ಅವರ ಮುಖ ಬಿಟ್ಟು ಬೇರೇನೂ ನೋಡಲಿಲ್ಲ. ಅವರು ಆಕಳಿಸಿದ್ರೆ ನಾನು ಎದ್ದು ನಿಲ್ಲೋಳು. ಕೊನೆಗೆ, "ಯಾಕೆ ಹಂಗೆ ನೋಡ್ತೀಯಾ, ನನಗೆ ಕೊಂಬು ಬಂದಿದ್ಯಾ?" ಅಂತ ಬೈದ್ರು. ಆ ಬೈಗುಳ ಕೇಳಿ ನನಗೆ ಎಷ್ಟು ಸಮಾಧಾನ ಆಯ್ತು ಅಂತ ಹೇಳೋಕಾಗಲ್ಲ.

ಸಂಜೆಗೆ ಮೈ ಬಿಸಿಯಾಯ್ತು, ತೋಳು ಊದಿತು. ನಾನು ಗಾಬರಿಯಿಂದ ಕೋಣೆಗೂ ಅಡಿಗೆಮನೆಗೂ ಓಡಾಡ್ತಿದ್ರೆ ಅವರು ಕಂಬಳಿಯೊಳಗಿಂದಲೇ, "ಜ್ವರಕ್ಕೆ ಕೂತಿದ್ದೀನಿ, ಸೊಪ್ಪು ಹಾಕಬೇಡ, ಸುಮ್ನೆ ಬಿಡು" ಅಂದ್ರು. ಮಾರನೇ ದಿನ ಮಧ್ಯಾಹ್ನ ಎದ್ದು ಎರಡು ಮುದ್ದೆ ಉಂಡ್ರು. ಸಾಯಲಿಲ್ಲ ಅನ್ನೋದು ಅವರಿಗೆ ಖಾತ್ರಿಯಾಗೋಕೆ ಇನ್ನೂ ಒಂದೆರಡು ದಿನ ಬೇಕಾಯ್ತು. ಖಾತ್ರಿಯಾದ ಮೇಲೆ ಹಿಡಿಯೋರೇ ಇಲ್ಲ. ಸೀದಾ ಡೈರಿ ಮುಂದೆ ಹೋಗಿ ನಿಂತ್ರು.

"ಏನು ಚಿಕ್ಕಮ್ಮ, ಹೊಸ ತಳಿ ಮೊದಲನೇ ಬೆಳೆ ನೀನು ಯಾವತ್ತೂ ಹಾಕಿದೋಳಲ್ಲ" ಅಂತ ಭಾವ ಕೆಣಕಿದ್ರು.

"ಈ ಸಲ ನಾನೇ ಬೆಳೆ ಕಣೋ. ಒತ್ತಿ ನೋಡು, ಗೂಡು ಗಟ್ಟಿ ಇದೆ" ಅಂತ ತೋಳು ಮುಂದಕ್ಕೆ ಚಾಚಿದ್ರು. ಅವತ್ತಿನ ನಗು ಇನ್ನೂ ಕಿವಿಯಲ್ಲಿದೆ. ಆ ವಾರ ನಮ್ಮ ಬೀದಿಯಿಂದ ಸುಮಾರು ಹೆಂಗಸರು ಸ್ಕೂಲಿಗೆ ಹೋದ್ರು. ಭಾವ ಹೋಗಲಿಲ್ಲ. ಇವತ್ತಿಗೂ ಹಾಕಿಸ್ಕೊಂಡಿಲ್ಲ, ಗುಂಡುಕಲ್ಲಿನ ಹಾಗಿದ್ದಾರೆ, ಸಿಕ್ಕಾಗಲೆಲ್ಲಾ ಅದನ್ನೇ ಹೇಳಿ ನನ್ನ ಹತ್ರ ಜಗಳಕ್ಕೆ ಬರ್ತಾರೆ. ಬರಲಿ ಬಿಡಿ.

ಮಗಳು ತಾನೇ ಗೋಣಿಚೀಲ ಎತ್ತೋಕೆ ಹೋದಳು. ಅತ್ತೆ ಬಿಡಲಿಲ್ಲ. ಸೂಜಿ ಮೈಗೆ ಹತ್ತೋಕೆ ಇನ್ನೂ ಒಂದಿಷ್ಟು ದಿನ ಬೇಕು ಅಂತ ಆಶಾ ಹೇಳಿದ್ದಾಳೆ, ಇರಲಿ ಅಂದ್ರು. ಆಮೇಲೆ ಆ ಚೀಲ ತುಳಿಯದೆ ನನ್ನನ್ನೂ ಒಳಗೆ ಬಿಡ್ತಿರಲಿಲ್ಲ. ಅಳಿಯ ನೋಡೋಕೆ ಬಂದಾಗ ಹೊಸಿಲಾಚೆ ಕುರ್ಚಿ ಹಾಕಿ ಕೂರಿಸಿ, ಅಲ್ಲಿಂದಲೇ ಹೆಂಡತಿ ಹತ್ರ ಮಾತಾಡು ಅಂದ್ರು. ಪಾಪದ ಹುಡುಗ, ಎರಡನೇ ಸಲವೂ ಬಾಗಿಲಲ್ಲೇ ಕೂತ.

ದೊಡ್ಡಬಳ್ಳಾಪುರದಲ್ಲಿ ಹೆರಿಗೆಯಾಯ್ತು. ಹೆಣ್ಣೇ. ಆಸ್ಪತ್ರೆಯಿಂದ ಬಂದು, ಹೊಕ್ಕಳ ಬಳ್ಳಿ ಬಿದ್ದ ಮಾರನೇ ಬೆಳಿಗ್ಗೆ ಹಂಡೆ ತುಂಬ ನೀರು ಕಾಯಿತು. ಅತ್ತೆ ಮಣೆ ಹಾಕ್ಕೊಂಡು ಕಾಲು ಚಾಚಿ ಕೂತ್ರು. ಮಗಳು ತಾನೇ ಕೂಸನ್ನ ತಂದು ಆ ಕಾಲ ಮೇಲೆ ಮಲಗಿಸಿ, ಗೋಡೆಗೆ ಒರಗಿ ನಿಂತಳು. ಕೂಸು ಕಿರುಚಿದ್ದೇ ಕಿರುಚಿದ್ದು. ಅತ್ತೆ ಅದರ ನೆತ್ತಿಗೆ ಎಣ್ಣೆ ಇಟ್ಟು, ಪುಟ್ಟ ಎದೆ ಮೇಲೆ ಅಂಗೈ ಆಡಿಸ್ತಾ, ಬಗ್ಗಿ ಅದರ ಕಿವಿ ಹತ್ರ ಹೇಳಿದ್ರು.

"ಸುಮ್ನಿರು ನನ್ನವ್ವಾ. ನಿನ್ನ ಎರೆಯೋಕೆ ಅಂತ ಸಾಯೋಕೂ ಹೋಗಿ ಬಂದೆ ಕಣೇ ನಾನು."

ಗೋಡೆ ಹತ್ರ ನಿಂತ ಮಗಳು ನನ್ನ ಕಡೆ ತಿರುಗಿದಳು. ಸೋರೆಕಾಯಿ ವಿಷಯ, ಬೆಂಚಿನ ಮೇಲಿನ ಮಾತು, ಯಾವುದೂ ನಾನು ಅವಳಿಗೆ ಹೇಳಿರಲಿಲ್ಲ. ನಿಜಾನಾ ಅಂತ ಕಣ್ಣಲ್ಲೇ ಕೇಳಿದಳು. ಹೂಂ ಅಂತ ತಲೆ ಆಡಿಸಿದೆ. ಅವಳು ಬಂದು ಒದ್ದೆ ನೆಲದ ಮೇಲೇ ಕೂತು, ಅಜ್ಜಿ ಬೆನ್ನಿಗೆ ಮುಖ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ಹಸಿ ಬಾಣಂತಿ ತಣ್ಣಗಿನ ನೆಲದ ಮೇಲೆ ಕೂರ್ತಾಳಾ? ಏಳೇ ಮೇಲೆ!" ಅಂತ ಅತ್ತೆ ಬೈದ್ರು. ಆಮೇಲೆ ನನ್ನ ಕಡೆ ತಿರುಗಿ, "ನೀನೇನು ಚೊಂಬು ಹಿಡ್ಕೊಂಡು ನಿಂತೆ? ನೀರು ಹುಯ್ಯಿ, ಕೂಸಿಗೆ ಚಳಿಯಾಗುತ್ತೆ" ಅಂದ್ರು.